ಯಾರೂ ಹಚ್ಚದ ಕೆಂಪು

ಬಣ್ಣ ಹೊಡೆಯುವವರ ಮನೆಯಲ್ಲಿ ಒಂದು ಕೆಟ್ಟ ಚಾಳಿ ಇರುತ್ತದೆ. ಬಣ್ಣದ ಯಾವ ವಸ್ತು ಕಂಡರೂ ಮೊದಲು ಹೆಬ್ಬೆರಳಿನಿಂದ ಉಜ್ಜಿ, ಬೆರಳು ತಿರುಗಿಸಿ ನೋಡುತ್ತಾರೆ. ಕೈಗೆ ಹತ್ತಿತೋ ಇಲ್ಲವೋ ಗೊತ್ತಾಗುವ ತನಕ ಅವರಿಗೆ ಸಮಾಧಾನವಿಲ್ಲ. ನೆಂಟರ ಮನೆಯ ಕಿಟಕಿಯಾಗಲಿ, ಬಸ್ಸಿನ ಕಂಬಿಯಾಗಲಿ, ಅಂಗಡಿಯಲ್ಲಿ ಜೋಡಿಸಿಟ್ಟ ಸೇಬಾಗಲಿ, ಈ ಮನೆಯವರ ಹೆಬ್ಬೆರಳಿನಿಂದ ಪಾರಾದದ್ದಿಲ್ಲ. ಹಾಗಾಗಿ ಈ ಮನೆಯ ಕಿರಿ ಸೊಸೆ ಬಣ್ಣದ ಕೆಲಸಕ್ಕೆ ಹೋದ ಒಂದು ದೊಡ್ಡ ಹೋಟೆಲಿನ ಒಳ ಅಂಗಳದಲ್ಲಿ, ಕೊಳದ ಅಂಚಿಗೆ ನಿಂತಿದ್ದ ಗಿಡದ ಕೆಂಪು ದಂಟನ್ನು ಉಜ್ಜಿ ನೋಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಬೆರಳಿಗೆ ಏನೂ ಹತ್ತಲಿಲ್ಲ. ಒದ್ದೆ ಮಾಡಿಕೊಂಡು ಇನ್ನೊಮ್ಮೆ ಉಜ್ಜಿದಳು. ಊಹೂಂ. ದಂಟು ಬುಡದಿಂದ ಎಲೆಯ ತನಕ ಒಂದೇ ಸಮ ಕೆಂಪು. ಎಲ್ಲೂ ಬ್ರಷ್ಷಿನ ಗೆರೆಯಿಲ್ಲ, ಇಳಿದು ಒಣಗಿದ ಹನಿಯಿಲ್ಲ.

"ಅದು ಬಣ್ಣ ಅಲ್ಲ ಕಣಮ್ಮ, ಲಿಪ್‌ಸ್ಟಿಕ್ ಪಾಮ್ ಅಂತ. ಹುಟ್ಟಿದ್ದೇ ಹಾಗೆ," ಎಂದು ಹೋಟೆಲಿನ ಮಾಲಿ ನಕ್ಕ. "ಕಾಲು ಸದಾ ನೀರಲ್ಲಿರಬೇಕು ಅದಕ್ಕೆ. ಒಂದ್ಸಲ ಬೇರೂರಿದ ಮೇಲೆ ಕಿತ್ತು ಬೇರೆ ಕಡೆ ಇಟ್ಟರೆ ಮುನಿಸಿಕೊಂಡು ಸತ್ತೇ ಹೋಗುತ್ತೆ."

ಅವಳು ಕೆಲಸ ಬಿಟ್ಟು ಅದರ ಮುಂದೆ ನಿಂತೇ ನಿಂತಳು. ಮದುವೆಯಾಗಿ ಬಂದಾಗಿನಿಂದ ಅವಳು ಕಂಡದ್ದೆಲ್ಲ ಹಚ್ಚಿದ ಬಣ್ಣವೇ. ಅದೂ ಬೇರೆಯವರು ಹಚ್ಚಿದ್ದು. ಮಾವ ಮೇಸ್ತ್ರಿ. ಅವರ ಇಬ್ಬರು ಗಂಡುಮಕ್ಕಳು ಏಣಿ ಹತ್ತಿ ಬ್ರಷ್ಷು ಹಿಡಿಯುವವರು. ಇಬ್ಬರು ಸೊಸೆಯರು ಅದಕ್ಕೂ ಮೊದಲು ಹೋಗಿ ಹಳೇ ಬಣ್ಣ ಕೆರೆದು, ಉಪ್ಪುಕಾಗದ ಹಾಕಿ ಗೋಡೆಯನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿ, ಮೈಯೆಲ್ಲ ಸುಣ್ಣದ ಧೂಳಾಗಿ ಪಕ್ಕಕ್ಕೆ ಸರಿಯುವವರು. ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ಅವರಿಬ್ಬರೂ ಮುಂದಿನ ಕೋಣೆಯಲ್ಲಿರುತ್ತಿದ್ದರು. ಮನೆಯವರು ಬಂದು "ಎಷ್ಟು ಚೆನ್ನಾಗಿ ಬಂದಿದೆ" ಎಂದು ಹೊಗಳುತ್ತಿದ್ದುದು ಬಣ್ಣವನ್ನು. ಉಜ್ಜಿದ್ದನ್ನು ಹೊಗಳಿದವರನ್ನು ಅವಳು ಇವತ್ತಿಗೂ ನೋಡಿಲ್ಲ.

ಅವಳನ್ನು ಎಲ್ಲರೂ ಉಪ್ಪುಕಾಗದ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಯಾವಾಗಲೂ ಅದೇ ಇರುತ್ತಿತ್ತೆಂದು ಅರ್ಧ, ನಾಲಿಗೆಯೂ ಅದೇ ಜಾತಿಯದೆಂದು ಇನ್ನರ್ಧ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರಿಟ್ಟವರು ಸುಳ್ಳೇನೂ ಹೇಳಿರಲಿಲ್ಲವಲ್ಲ.

ಹೋಟೆಲಿನ ಕೆಲಸ ಮುಗಿದ ವಾರವೇ ನರ್ಸರಿಗೆ ಹೋಗಿ ಆ ಪಾಮಿನ ಒಂದು ಸಸಿ ತಂದಳು. ಸಸಿ ಹಸಿರಾಗಿತ್ತು. "ಈಗ ಹಸಿರೇ ಇರುತ್ತೆ, ಬುಡ ಬಲಿತ ಮೇಲೆ ಕೆಂಪು ಬರುತ್ತೆ, ಆತುರ ಪಡಬೇಡಿ," ಎಂದು ನರ್ಸರಿಯವನು ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಂಡಿದ್ದಳು. ಮನೆಯವರು ಯಾರೂ ಹಾಕಿಕೊಳ್ಳಲಿಲ್ಲ.

ಹಿತ್ತಲಿನಲ್ಲಿ ನೀರಿನ ಟ್ಯಾಂಕು ತುಂಬಿ ಹರಿಯುವ ಒಂದು ಮೂಲೆಯಿತ್ತು. ಸದಾ ಒದ್ದೆ, ಅರ್ಧ ನೆರಳು, ಪಾಚಿ. ಅಲ್ಲಿ ಯಾವ ಗಿಡವೂ ಬದುಕುವುದಿಲ್ಲ, ಬೇರು ಕೊಳೆಯುತ್ತದೆ ಎಂದು ಎಲ್ಲರೂ ಬಿಟ್ಟ ಜಾಗ. ಗಂಡಸರು ಸಂಜೆ ಬಂದು ಬ್ರಷ್ಷು ತೊಳೆಯುತ್ತಿದ್ದುದೂ ಅಲ್ಲೇ. ಅವಳು ಟರ್ಪಂಟೈನು ಕುಡಿದ ಆ ಮಣ್ಣನ್ನೆಲ್ಲ ಅಗೆದು ಹೊರಹಾಕಿ, ಹೊಸ ಮಣ್ಣು, ಗೊಬ್ಬರ, ಕೊಳೆತ ಎಲೆ ತುಂಬಿ ಸಸಿ ನೆಟ್ಟಳು. ಮಾರನೇ ಸಂಜೆ ಬ್ರಷ್ಷು ಹಿಡಿದು ಬಂದ ಭಾವನ ಮುಂದೆ ಒಂದು ತೂತು ಬಕೆಟ್ಟನ್ನು ಕುಕ್ಕಿದಳು.

"ಇನ್ಮೇಲೆ ತೊಳೆಯೋದು ಇದ್ರಲ್ಲಿ, ಮುಂದಿನ ಚರಂಡಿ ಹತ್ರ. ಇಲ್ಲಿ ಒಂದು ಹನಿ ಬಿದ್ರೂ ನಾನು ಸುಮ್ನಿರಲ್ಲ ಭಾವ."

"ಬಕೆಟ್ಟಲ್ಲಿ ತೂತಿದೆಯಲ್ಲಮ್ಮ."

"ಅದಕ್ಕೇ ಚರಂಡಿ ಹತ್ರ ಅಂದಿದ್ದು."

ಭಾವ ಬ್ರಷ್ಷು ಹಿಡಿದುಕೊಂಡು ಮುಂದಕ್ಕೆ ಹೋದ. ಉಪ್ಪುಕಾಗದದ ಬಾಯಿಗೆ ಸಿಗುವುದಕ್ಕಿಂತ ನಾಲ್ಕು ಹೆಜ್ಜೆ ಹೆಚ್ಚು ನಡೆಯುವುದೇ ವಾಸಿ ಎಂದು ಅವನಿಗೆ ಗೊತ್ತಿತ್ತು.

ಗಿಡ ಬದುಕಿತು. ಬದುಕಿದ್ದಷ್ಟೇ ಅಲ್ಲ, ಬುಡದಲ್ಲಿ ಮರಿ ಹಾಕಿತು, ಎಲೆ ಬಿಚ್ಚಿತು, ಅವಳ ಸೊಂಟದೆತ್ತರಕ್ಕೆ ಬಂತು. ಬೇಸಿಗೆಯಲ್ಲಿ ಟ್ಯಾಂಕು ತುಂಬದ ದಿನ ತಾನು ಕೈಕಾಲು ತೊಳೆಯುವ ನೀರನ್ನೇ ಅದಕ್ಕೆ ಸುರಿದಳು. ಬಿಸಿಲು ಎಲೆಯ ತುದಿ ಸುಟ್ಟಾಗ ಹಳೇ ಚೀಲ ಬಿಚ್ಚಿ ಚಪ್ಪರ ಕಟ್ಟಿದಳು. ಆದರೆ ಬಣ್ಣ ಮಾತ್ರ ಬರಲಿಲ್ಲ. ವರ್ಷಗಳು ಕಳೆದರೂ ದಂಟು ಹಸಿರೋ ಹಸಿರು.

ಮನೆಯವರಿಗೆ ಊಟದ ಜೊತೆ ನೆಂಚಿಕೊಳ್ಳಲು ಇದೇ ಆಯಿತು. "ನರ್ಸರಿಯವನು ನಿನ್ನ ಕಿವಿ ಮೇಲೆ ಚೆನ್ನಾಗಿ ಹೂವಿಟ್ಟಿದ್ದಾನೆ," ಎಂದು ಭಾವ ಹಲ್ಲು ಕಿರಿದ. ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಒಳ್ಳೆಯವಳೇ. ಆದರೆ ಲೆಕ್ಕಾಚಾರದವಳು. "ಕಾಯಿ ಬಿಡಲ್ಲ, ಹೂವು ಬಿಡಲ್ಲ, ಒಂದು ಒಗ್ಗರಣೆಗಾದ್ರೂ ಬರುತ್ತಾ ಅಂದ್ರೆ ಅದೂ ಇಲ್ಲ. ಅದೇ ಜಾಗದಲ್ಲಿ ಬಾಳೆ ಇಟ್ಟಿದ್ರೆ ಎಲೆಯಾದ್ರೂ ಸಿಗ್ತಿತ್ತಲ್ಲೇ," ಎನ್ನುತ್ತಿದ್ದಳು.

"ಈ ಮನೇಲಿ ಉಪಯೋಗಕ್ಕೆ ಬರೋಳು ನಾನೊಬ್ಬಳಿದ್ದೀನಲ್ಲ ಅಕ್ಕ. ಅದಾದ್ರೂ ಸುಮ್ನೆ ನಿಂತಿರ್ಲಿ," ಎಂದಳು ಉಪ್ಪುಕಾಗದ.

ತಮಾಷೆಗೆ ಅಂದದ್ದಲ್ಲ ಅದು. ಆ ಮನೆಯಲ್ಲಿ ಅವಳದು ಅನ್ನುವ ವಸ್ತು ಇನ್ನೊಂದಿರಲಿಲ್ಲ. ಕಪಾಟು ವಾರಗಿತ್ತಿಯ ಜೊತೆ ಹಂಚಿಕೊಂಡದ್ದು, ಕೋಣೆ ಗಂಡನ ಜೊತೆ ಮತ್ತು ಮಡಚಿಟ್ಟ ಏಣಿಗಳ ಜೊತೆ ಹಂಚಿಕೊಂಡದ್ದು. ಆ ಒದ್ದೆ ಮೂಲೆಗೆ ಹೋಗಿ ನಿಂತರೆ ಮಾತ್ರ, ಇದು ನಾನು ಬೇಕೆಂದು ಮಾಡಿದ್ದು, ಯಾರೂ ಹೇಳಿ ಮಾಡಿಸಿದ್ದಲ್ಲ ಎನಿಸುತ್ತಿತ್ತು.

ಅಂಥ ಮೂಲೆಯ ಮೇಲೇ ಮಾವನ ಕಣ್ಣು ಬಿತ್ತು. ಮೇಸ್ತ್ರಿಗೆ ಕೆಲಸ ಹೆಚ್ಚಾಗಿತ್ತು, ಡಬ್ಬಿಗಳು ಅಡುಗೆಮನೆಯ ಬಾಗಿಲ ತನಕ ಬಂದಿದ್ದವು. ಹಿತ್ತಲಿನಲ್ಲಿ ಒಂದು ಶೆಡ್ಡು ಎಬ್ಬಿಸಬೇಕು, ಟ್ಯಾಂಕಿನ ಪಕ್ಕದ ಮೂಲೆಯೇ ಸರಿ ಎಂದು ಅವರು ತೀರ್ಮಾನ ಮಾಡಿದರು. ಮಾವ ಕೆಟ್ಟವರಲ್ಲ. ಬೈಯುವವರೂ ಅಲ್ಲ. ಆದರೆ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡವರಲ್ಲ. ಆ ಮನೆಯಲ್ಲಿ ಅವರ ಮಾತಿಗೆ ಎರಡನೇ ಕೋಟ್ ಬೇಕಾಗುತ್ತಿರಲಿಲ್ಲ.

"ಗಿಡ ತೆಗೆಸಬೇಕಾಗುತ್ತಮ್ಮ," ಎಂದರು ಒಂದು ಸಂಜೆ.

"ಅದು ಕಿತ್ರೆ ಸಾಯುತ್ತೆ ಮಾವ. ಕೆಂಪು ಬರೋ ಹೊತ್ತು ಈಗ."

"ಬರೋ ಹೊತ್ತು, ಬರೋ ಹೊತ್ತು ಅಂತ ಎಷ್ಟು ದಿನದಿಂದ ಕೇಳ್ತಿದ್ದೀನಿ." ಮಾವ ಸ್ವಲ್ಪ ಯೋಚಿಸಿದರು. ತಾವು ನ್ಯಾಯವಂತರು ಎಂಬ ಹೆಮ್ಮೆ ಅವರಿಗಿತ್ತು. "ಆಗ್ಲಿ. ಈ ಬೇಸಿಗೆ ಮುಗಿಯೋದ್ರೊಳಗೆ ಕೆಂಪಾದ್ರೆ ಗಿಡ ಇರ್ಲಿ, ಶೆಡ್ಡು ಬೇರೆ ಕಡೆ ನೋಡೋಣ. ಆಗ್ಲಿಲ್ಲ ಅಂದ್ರೆ ಗಾರೆಯವನ್ನ ಕರೀತೀನಿ. ಒಪ್ತೀಯಾ?"

"ಒಪ್ಪಿದೆ ಮಾವ," ಎಂದುಬಿಟ್ಟಳು. ಜಂಬ ನೋಡಿ. ಆಮೇಲೆ ದಿನಾ ಬೆಳಗ್ಗೆ ಎದ್ದು, ಮುಖ ಕೂಡ ತೊಳೆಯದೆ ಹಿತ್ತಲಿಗೆ ಓಡಿ ದಂಟು ಉಜ್ಜಿ ನೋಡುವುದೇ ಕೆಲಸವಾಯಿತು. ಹಸಿರು ಜಪ್ಪಯ್ಯ ಅಂದರೂ ಕದಲಲಿಲ್ಲ. ಬೇಸಿಗೆ ಕರಗುತ್ತ ಬಂತು, ಅವಳ ಊಟ ಅರ್ಧಕ್ಕಿಳಿಯಿತು. ಗಂಡ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಅವನು ಅಪ್ಪನ ಎದುರು ಬಾಯಿ ಬಿಡುವವನಲ್ಲ. ಹೆಂಡತಿಯ ಮುಖ ಬಾಡಿದರೆ ನಿದ್ದೆ ಮಾಡುವವನೂ ಅಲ್ಲ. ಇಂಥ ಗಂಡಸರು ಯಾವಾಗ ಏನು ಮಾಡುತ್ತಾರೆಂದು ಹೇಳುವುದು ಕಷ್ಟ.

ಮಳೆ ಇನ್ನೇನು ಹಿಡಿಯುತ್ತದೆ ಅನ್ನುವಾಗ ತಂಗಿಗೆ ಹುಷಾರಿಲ್ಲವೆಂದು ಅವಳು ಊರಿಗೆ ಹೊರಡಬೇಕಾಯಿತು. ಎರಡು ದಿನ ಬಿಟ್ಟು ಮಧ್ಯಾಹ್ನ ವಾಪಸು ಬಂದರೆ, ಗಂಡ ಕೆಲಸಕ್ಕೂ ಹೋಗದೆ ಬಾಗಿಲಲ್ಲೇ ಕಾಯುತ್ತಿದ್ದ. ಕೈಚೀಲ ಇಳಿಸುವುದಕ್ಕೂ ಬಿಡದೆ ಹಿತ್ತಲಿಗೆ ಕರೆದುಕೊಂಡು ಹೋದ.

ಪಾಮಿನ ದಂಟುಗಳೆಲ್ಲ ಕೆಂಪಾಗಿದ್ದವು.

ಅವಳು ಕೈಚೀಲ ಅಲ್ಲೇ ಬಿಟ್ಟು ಹತ್ತಿರ ಓಡಿದಳು. ಮರುಕ್ಷಣ ಕಣ್ಣು ತನ್ನ ಕೆಲಸ ಮಾಡಿತು. ದಂಟಿನ ಸಂದಿಯಲ್ಲಿ ಬ್ರಷ್ಷಿನ ಗೆರೆ. ಬುಡದಲ್ಲಿ ಇಳಿದು ಗಟ್ಟಿಯಾದ ಹನಿ. ಗಾಳಿಗೆ ಮಣ್ಣಿನ ವಾಸನೆಯಲ್ಲ, ಎಣ್ಣೆ ಬಣ್ಣದ ವಾಸನೆ. ಬಣ್ಣದವನ ಮಗ, ಬೇರೆ ಇನ್ನೇನು ತಾನೇ ಮಾಡಿಯಾನು?

"ಏನ್ರೀ ಇದು."

"ಕೆಂಪು ಸಿಗೋದು ಸುಲಭ ಅಲ್ಲ, ಎರಡು ಡಬ್ಬಿ ಬೆರೆಸಿದೆ," ಎಂದ ಅವನು, ಹೊಗಳಿಕೆಗೆ ಕಾಯುವವನಂತೆ. "ಅಪ್ಪ ಸಂಜೆ ಗಾರೆಯವನ್ನ ಕರ್ಕೊಂಡು ಬರ್ತಾರೆ. ಬಾಗಿಲಲ್ಲೇ ನಿಂತು ನೋಡಿದ್ರೆ ಗೊತ್ತಾಗಲ್ಲ. ನಿನ್ನ ಮರ್ಯಾದೆ ಉಳೀತು, ಗಿಡಾನೂ ಉಳೀತು."

"ನನ್ನ ಮರ್ಯಾದೆಗೆ ಬಣ್ಣ ಬಳಿಯಿರಿ ಅಂತ ನಾನು ಕೇಳಿದ್ನಾ?" ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು, ಇವನ ಮುಗ್ಧ ಮುಖ ನೋಡಿ ಇನ್ನಷ್ಟು ಸಿಟ್ಟು ಬಂತು. "ಅದು ಉಸಿರಾಡೋ ಗಿಡ ಕಣ್ರೀ. ನೀವು ಗೇಟಿಗೆ ಹೊಡ್ದಂಗೆ ಹೊಡ್ದಿದ್ದೀರಿ."

ವಾರಗಿತ್ತಿ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಬಾಯಿ ಮುಚ್ಕೊಂಡು ಸುಮ್ನಿರೆ. ಪಾಪ, ಎರಡು ದಿನ ಕೂತು ಮಾಡಿದ್ದಾನೆ. ಮಾವ ನೋಡಿ ಹೂಂ ಅಂದ್ಬಿಟ್ರೆ ಆಯ್ತು. ಆಮೇಲೆ ನಿಧಾನಕ್ಕೆ ತೆಗ್ದುಕೊಂಡ್ರಾಯ್ತು. ನಿನಗೆ ಬೇಕಾಗಿರೋದು ಗಿಡ ತಾನೇ?"

ಮಾತು ಸರಿಯಾಗಿಯೇ ಇತ್ತು. ಅವಳು ಒಗೆಯುವ ಕಲ್ಲಿನ ಮೇಲೆ ಕೂತಳು, ಕೂತೇ ಇದ್ದಳು. ಸುಮ್ಮನಿದ್ದರೆ ಗಿಡ ಉಳಿಯುತ್ತದೆ. ಬಾಯಿ ಬಿಟ್ಟರೆ ಹೋಗುತ್ತದೆ. ಇದು ಕೂಸಿಗೂ ಅರ್ಥವಾಗುವ ಮಾತು. ಆದರೆ ಹೋಟೆಲಿನ ಅಂಗಳದಲ್ಲಿ ಅವಳ ಕಾಲು ಕಟ್ಟಿ ನಿಲ್ಲಿಸಿದ್ದು ಯಾರೂ ಹಚ್ಚದ ಬಣ್ಣ. ಹಚ್ಚಿದ ಬಣ್ಣವೇ ಬೇಕಿದ್ದರೆ ಅವಳಿಗೆ ಮನೆ ತುಂಬ ಇತ್ತು.

ಸಂಜೆ ಮಾವ ಬಂದರು, ಹಿಂದೆ ಅಳತೆಯ ಟೇಪು ಹಿಡಿದ ಗಾರೆಯವನು. ಹಿಂಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಬೆಳಕು ಇಳಿಯುತ್ತಿತ್ತು. ಮಾವನ ಮುಖ ಮೆಲ್ಲಗೆ ಅರಳಿತು. ಸೋತು ಹಾಗೆ ಅರಳುವವರು ಕಡಿಮೆ.

"ಗೆದ್ದೆ ಬಿಡಮ್ಮ," ಎಂದರು. "ಏನು ಬಣ್ಣ, ಏನು ಬಣ್ಣ. ಇಷ್ಟು ವರ್ಷ ಕೆಂಪು ಕಲೆಸಿದ್ದೀನಿ, ಇಂಥದ್ದು ಕಂಡಿಲ್ಲ. ಇರ್ಲಿ ಗಿಡ. ಶೆಡ್ಡು ಬೇರೆ ಕಡೆ." ಹೆಬ್ಬೆರಳು ಮುಂದೆ ಮಾಡಿಕೊಂಡು ಮೆಟ್ಟಿಲಿಳಿದರು.

ಗಂಡ ಒಂದು ಹೆಜ್ಜೆ ಹಿಂದೆ ಸರಿದ. ವಾರಗಿತ್ತಿ ಹಿಂದಿನಿಂದ ಅವಳ ಸೆರಗು ಜಗ್ಗಿದಳು. ಉಪ್ಪುಕಾಗದ ಎದ್ದು ಮಾವನಿಗೆ ಅಡ್ಡ ನಿಂತಳು.

"ಉಜ್ಜಬೇಡಿ ಮಾವ. ಉಜ್ಜೋದು ನನ್ನ ಕೆಲಸ."

ದಂಟಿನ ಮೇಲೆ ಉಗುರು ಊರಿ ಅಂಚು ಎಬ್ಬಿಸಿದಳು. ಎಳೆದಳು. ಬಣ್ಣ ಸಿಪ್ಪೆ ಸುಲಿದಂತೆ ಉದ್ದಕ್ಕೆ ಬಿಟ್ಟುಕೊಂಡು ಬಂತು. ನುಣುಪು ಮೈ, ಯಾರೂ ಉಜ್ಜಿಲ್ಲ, ಬಣ್ಣ ಹಿಡಿಯುವುದಾದರೂ ಯಾವುದನ್ನು? ಒಂದಾದ ಮೇಲೆ ಒಂದು ದಂಟು ಸುಲಿದಳು. ಕೆಳಗೆ ಹಸಿರು, ನಿನ್ನೆ ಮೊನ್ನೆ ಇದ್ದ ಅದೇ ಹಸಿರು. ಕೆಂಪು ಸಿಪ್ಪೆಗಳನ್ನು ಮಾವನ ಕಾಲ ಬಳಿ ಹಾಕಿದಳು.

ಗಾರೆಯವನು ಆಕಾಶ ನೋಡತೊಡಗಿದ. ಮಾವ ಬಗ್ಗಿ ಒಂದು ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದರು.

"ನಾನೇ ಹೊಡ್ದಿದ್ದು ಅಪ್ಪ," ಎಂದ ಮಗ. ಅಪ್ಪನ ಎದುರು ಅವನ ಬಾಯಿಂದ ಬಂದ ಅಷ್ಟುದ್ದದ ಮಾತು ಅದೇ ಮೊದಲು.

"ಗೊತ್ತಾಗುತ್ತೆ," ಎಂದರು ಮಾವ. "ಉಜ್ಜಿಲ್ಲ, ಪ್ರೈಮರ್ ಇಲ್ಲ, ಒದ್ದೆ ಮೈ ಮೇಲೆ ಎಣ್ಣೆ ಬಣ್ಣ. ಇದನ್ನೇನಾ ನಾನು ನಿನಗೆ ಕಲಿಸಿದ್ದು?" ಮೋಸ ಹೋದದ್ದಕ್ಕಿಂತ ಕೆಲಸ ಕೆಟ್ಟದ್ದೇ ಅವರಿಗೆ ಹೆಚ್ಚು ಉರಿದಂತಿತ್ತು. ಆಮೇಲೆ ಸೊಸೆಯ ಕಡೆ ತಿರುಗಿದರು. "ನೀನು ನಿಜ ಹೇಳ್ದೆ, ಸಂತೋಷ. ಆದ್ರೆ ಮಾತು ಮಾತೇ. ಕೆಂಪಾಗಿಲ್ಲ. ನಾಳೆ ತೆಗೆಸ್ತೀನಿ."

"ತೆಗೆಸಲ್ಲ ಮಾವ."

"ನೀನೇ ಒಪ್ಪಿದ್ದೆ."

"ಒಪ್ಪಿದ್ದೇ ನನ್ನ ತಪ್ಪು. ಕೆಂಪಾದ್ರೆ ಇರ್ಲಿ, ಆಗದಿದ್ರೆ ಬೇಡ ಅನ್ನೋಕೆ ಅದೇನು ನಾವು ಬಣ್ಣ ಹೊಡೆಯೋಕೆ ಹೋಗಿರೋ ಗೋಡೆನಾ? ಅದು ಹಸಿರಾಗೇ ಇರುತ್ತೆ. ಇಲ್ಲೇ ಇರುತ್ತೆ. ಇಷ್ಟು ವರ್ಷದಲ್ಲಿ ನಾನು ಈ ಮನೇಲಿ ಕೇಳಿರೋದು ಈ ಒಂದು ಮೂಲೆ. ಶೆಡ್ಡು ಕಟ್ಟಿ, ಇದನ್ನ ಬಿಟ್ಟು ಕಟ್ಟಿ. ಆಗಲ್ಲ ಅಂದ್ರೆ ನಾಳೆಯಿಂದ ಗೋಡೆ ಉಜ್ಜೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ." ಅವಳು ಮತ್ತೆ ಒಗೆಯುವ ಕಲ್ಲಿನ ಮೇಲೆ ಕೂತಳು. "ಹಚ್ಚೋದು ನಿಮ್ಮೆಲ್ಲರಿಗೂ ಬರುತ್ತೆ. ಉಜ್ಜದೆ ಹಚ್ಚಿದ್ರೆ ಏನಾಗುತ್ತೆ ಅಂತ ನಿಮ್ಮ ಕಾಲ ಹತ್ರಾನೇ ಬಿದ್ದಿದೆ ನೋಡಿ."

ಮಾವ ಒಳಗೆ ಹೋದರು. ಗಾರೆಯವನಿಗೆ ನಾಳೆ ಬರಬೇಡ ಎಂದೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.

ಮರುದಿನದಿಂದ ಒಂದು ಆಸ್ಪತ್ರೆಯ ಕೆಲಸ ಶುರುವಾಗುವುದಿತ್ತು. ಹಳೇ ಕಟ್ಟಡ, ಗೋಡೆಯ ಮೇಲೆ ಬಣ್ಣದ ಮೇಲೆ ಬಣ್ಣ ಬಿದ್ದು ಹಕ್ಕಳೆ ಎದ್ದಿತ್ತು. ಎಲ್ಲರೂ ಹೊರಟರು. ಉಪ್ಪುಕಾಗದ ಹೊರಡಲಿಲ್ಲ. ಪಾಮಿನ ಪಕ್ಕ ಕಲ್ಲಿನ ಮೇಲೆ ಕೂತು ದಂಟುಗಳ ಸಂದಿಯಲ್ಲಿ ಉಳಿದ ಬಣ್ಣವನ್ನು ಒದ್ದೆ ಬಟ್ಟೆ, ಉಗುರು ಎರಡರಲ್ಲೂ ಬಿಡಿಸುತ್ತಿದ್ದಳು. ಎರಡು ಎಲೆ ಆಗಲೇ ಹಳದಿಗೆ ತಿರುಗಿದ್ದವು. ಅವನ್ನು ಅವಳು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಭಯವೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಹಿತ್ತಲಿನಿಂದ ಕದಲಿದ ಹೊತ್ತು ನೋಡಿ ಯಾರಾದರೂ ಗುದ್ದಲಿ ಹಾಕಿದರೆ? ಅದಕ್ಕೇ ಏಳಲಿಲ್ಲ.

ಆ ಸಂಜೆ ವಾರಗಿತ್ತಿ ತಲೆಯಿಂದ ಕಾಲ ತನಕ ಬಿಳಿಯಾಗಿ ಬಂದಳು. ಬಂದವಳೇ ಉಪ್ಪುಕಾಗದದ ಕಟ್ಟನ್ನು ಮಾವನ ಕೋಣೆಯ ಬಾಗಿಲಿಗೆ ಎಸೆದಳು. "ಒಬ್ಬಳೇ ಇಡೀ ಆಸ್ಪತ್ರೆ ಉಜ್ಜೋಕೆ ನಾನೇನು ಯಂತ್ರ ಅಲ್ಲ," ಎಂದು ಒಳಗಿನವರಿಗೆ ಕೇಳುವಂತೆ ಹೇಳಿ, ಹಿತ್ತಲಿಗೆ ಬಂದು ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತಳು. "ಆ ಕಡೆ ಸರಿಯೇ ಸ್ವಲ್ಪ. ಗಿಡ ನೋಡೋಕೆ ಬಂದಿಲ್ಲ, ಬೆನ್ನು ನೋಯ್ತಿದೆ."

ಆಮೇಲೆ ಗಂಡಸರೇ ಉಜ್ಜಿದರು. ಭಾವನ ಅಂಗೈಯಲ್ಲಿ ಬೊಬ್ಬೆ ಎದ್ದವು. ಮಾವ ಧೂಳಿಗೆ ಕೆಮ್ಮಿ ಕೆಮ್ಮಿ ಸುಸ್ತಾದರು. ಗಂಡ ಮಾತ್ರ ತುಟಿ ಪಿಟಕ್ಕೆನ್ನದೆ ಉಜ್ಜಿದ. ಅವಳನ್ನು ಒಪ್ಪಿಸು ಎಂದು ಅಪ್ಪ ಹೇಳಿದಾಗ, "ಅವಳು ಬರಲ್ಲ ಅಪ್ಪ. ನಾನೂ ಕೇಳಲ್ಲ," ಎಂದನಂತೆ. ಅದನ್ನು ಕೇಳಿದ ದಿನ ಅವಳು ಅವನಿಗೆ ಕಾಫಿ ಮಾಡಿಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಅಂತೂ ಹಚ್ಚಿದ ಮೊದಲ ಗೋಡೆಗೆ ಬಿಸಿಲು ಬಿದ್ದಾಗ ಕೈಯಾಡಿದ ಗೀರುಗಳೆಲ್ಲ ಎದ್ದು ಕಂಡವು. ಆಸ್ಪತ್ರೆಯವರು ಮೇಸ್ತ್ರಿಯನ್ನು ಕರೆದು ತೋರಿಸಿದರು. ಅಷ್ಟು ವರ್ಷದಲ್ಲಿ ಅವರ ಗೋಡೆಗೆ ಯಾರೂ ಬೆರಳು ತೋರಿಸಿರಲಿಲ್ಲ.

ಮಾವ ಹಿಂಬಾಗಿಲಿಗೆ ಬಂದು ನಿಂತರು. ಹುಬ್ಬಿನ ಮೇಲೆ ಸುಣ್ಣದ ಧೂಳು. ಸೊಸೆಯರಿಬ್ಬರೂ ಎದ್ದು ನಿಂತರು, ದಾರಿ ಬಿಡಲಿಲ್ಲ.

"ಚಾವಣಿ ಶೀಟು ಆ ಮೂಲೆ ಬಿಟ್ಟು ಕತ್ತರಿಸಿ ಹಾಕಿದ್ರೆ ಶೆಡ್ಡು ಆಗುತ್ತೆ ಅಂತ ಗಾರೆಯವನು ಹೇಳ್ದ," ಎಂದರು, ಟ್ಯಾಂಕು ನೋಡುತ್ತ. ಆಮೇಲೆ ದನಿ ತಗ್ಗಿಸಿದರು. "ನಾಳೆ ಬೇಗ ಹೊರಡಬೇಕು. ಆ ಗೋಡೆ ಪೂರ್ತಿ ಮತ್ತೆ ಉಜ್ಜಬೇಕಮ್ಮ."

"ಉಜ್ಜೋಣ ಮಾವ," ಎಂದಳು ಅವಳು. ಕಣ್ಣು ತುಂಬಿದ್ದನ್ನು ಅವರಿಗೆ ತೋರಿಸಬಾರದೆಂದು ಬಗ್ಗಿ ಬಕೆಟ್ಟು ಎತ್ತಿಕೊಂಡಳು.

ಶೆಡ್ಡು ಎದ್ದಿತು, ಒಂದು ಮೂಲೆ ಕಚ್ಚಿ ತಿಂದ ಬಿಸ್ಕತ್ತಿನಂತೆ. ಬಂದವರೆಲ್ಲ ಇದೇನು ಹೀಗೆ ಎಂದು ಕೇಳುತ್ತಿದ್ದರು, ಭಾವ ಗಿಡ ತೋರಿಸುತ್ತಿದ್ದ, ಅವರು ಹಸಿರು ಗಿಡ ನೋಡಿ ಮತ್ತಷ್ಟು ತಬ್ಬಿಬ್ಬಾಗುತ್ತಿದ್ದರು. ಬಣ್ಣ ತಿಂದ ಎರಡು ಎಲೆ ಉದುರಿ ಹೋದವು. ಗಿಡ ಆ ಮಳೆಗಾಲವೆಲ್ಲ ಮುದುಡಿಕೊಂಡೇ ಇತ್ತು. ಬೆಳಗ್ಗೆ ಎದ್ದು ದಂಟು ಉಜ್ಜಿ ನೋಡುವುದನ್ನು ಅವಳು ಬಿಟ್ಟಿದ್ದಳು. ನೀರು ಹಾಕುವುದನ್ನು ಬಿಟ್ಟಿರಲಿಲ್ಲ.

ಹಾಗಾಗಿ ಮೊದಲು ಕಂಡದ್ದು ಅವಳಿಗಲ್ಲ. ಡಬ್ಬಿ ತರಲು ಶೆಡ್ಡಿಗೆ ಹೋದ ಮಾವ ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಅವಳು ಬಕೆಟ್ಟು ಹಿಡಿದು ಹಿತ್ತಲಿಗೆ ಬಂದರೆ, ಅವರು ಪಾಚಿಯ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದರು. ಹಳೇ ಎಲೆ ಕಳಚಿಕೊಂಡ ಕಡೆ, ಒಳಗಿನಿಂದ ಹೊಸ ದಂಟು ಹೊರಬಂದಿತ್ತು. ಕೆಂಪಾಗಿತ್ತು. ಮಾವ ಉಜ್ಜಿದರು. ಬೆರಳು ತಿರುಗಿಸಿ ನೋಡಿದರು. ಒದ್ದೆ ಮಾಡಿಕೊಂಡು ಇನ್ನೊಮ್ಮೆ ಉಜ್ಜಿದರು. ಹೆಬ್ಬೆರಳು ಶುಭ್ರವಾಗಿತ್ತು.

"ಬಂತಲ್ಲಮ್ಮ," ಎಂದರು ಅವರು, ಹೆಬ್ಬೆರಳು ಅವಳಿಗೆ ತೋರಿಸುತ್ತ. "ಈಗ ನಿಜವಾಗ್ಲೂ ಕೆಂಪಾಗಿದೆ. ಇನ್ನು ನಂದೇನೂ ತಕರಾರಿಲ್ಲ. ಇರ್ಲಿ ಗಿಡ."

ಅವಳು ಆ ಕೆಂಪನ್ನು ನೋಡಿದಳು. ಹೋಟೆಲಿನಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು. ಕುಣಿಯಬೇಕೆನಿಸಿತು, ಗಂಡನನ್ನು ಕೂಗಿ ಕರೆಯಬೇಕೆನಿಸಿತು. ಆದರೆ ಮೊದಲು ಹೇಳಬೇಕಾದ ಮಾತೊಂದಿತ್ತು.

"ಕೆಂಪಾಗದಿದ್ರೂ ಇರ್ತಿತ್ತು ಮಾವ," ಎಂದಳು. "ಸ್ವಲ್ಪ ಸರಿಯಿರಿ, ನೀರು ಹಾಕ್ಬೇಕು."

ಮಾವ ಎದ್ದು ಪಕ್ಕಕ್ಕೆ ಸರಿದರು.